ಚಂದ್ರ ತಡವಾಗಿ ಹುಟ್ಟುವ ಅಂಗಳ

ನಮ್ಮ ಅಂಗಳದಲ್ಲಿ ಚಂದ್ರ ಮುಕ್ಕಾಲು ಗಂಟೆ ತಡವಾಗಿ ಹುಟ್ಟುತ್ತಿದ್ದ. ಕ್ಯಾಲೆಂಡರಿನಲ್ಲಿ ಅಚ್ಚಾದ ಚಂದ್ರೋದಯದ ಹೊತ್ತು ಬಂಗಾರಪೇಟೆಗೆ ಸರಿಯಿತ್ತು, ಆಂಡರ್ಸನ್‌ಪೇಟೆಗೆ ಹೆಚ್ಚುಕಡಿಮೆ ಸರಿಯಿತ್ತು. ಚಿನ್ನದ ಗಣಿಯ ಕೋರಮಂಡಲ್‌ನಲ್ಲಿ, ಗಣಿ ಕಾರ್ಮಿಕರಿಗೆಂದು ಕಟ್ಟಿದ ಮನೆಸಾಲಾದ ನಮ್ಮ ಲೈನಿಗೆ ಮಾತ್ರ ಸುಳ್ಳಾಗುತ್ತಿತ್ತು. ಲೈನಿನ ಪೂರ್ವಕ್ಕೆ ಸೈನೈಡ್ ಗುಡ್ಡವಿತ್ತು. ಕಲ್ಲನ್ನು ಹಿಟ್ಟು ಮಾಡಿ, ಅದರೊಳಗಿನ ಚಿನ್ನವನ್ನು ಸೈನೈಡಿನಲ್ಲಿ ಕರಗಿಸಿ ತೆಗೆದ ಮೇಲೆ ಉಳಿದದ್ದನ್ನೆಲ್ಲ ತಲೆಮಾರುಗಟ್ಟಲೆ ಒಂದೆಡೆ ಸುರಿದು ಬೆಳೆಸಿದ ಬೂದು ಗುಡ್ಡ ಅದು. ಹುಲ್ಲು ಕೂಡ ಅದರ ಮೇಲೆ ಮನಸ್ಸಿಲ್ಲದೆ ಹುಟ್ಟುತ್ತಿತ್ತು. ಗಣಿ ಮುಚ್ಚಿದಾಗ ನನಗೆ ಒಂದು ವರ್ಷ. ಚಿನ್ನ ತೆಗೆದವರು ಹೋದರು, ಗುಡ್ಡ ಉಳಿಯಿತು. ಅದು ಈಗ ಯಾರದು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಇಪ್ಪತ್ತೈದು ದಾಟಿದ್ದೇನೆ.

ನಮ್ಮದು ಗಣಿಯ ಮನೆತನವಲ್ಲ. ಅಪ್ಪ ಬಂಗಾರಪೇಟೆಯ ಆಚೆಗಿನ ಹಳ್ಳಿಯಿಂದ ಇಲ್ಲಿಯ ಒಂದು ಕಾರ್ಖಾನೆಗೆ ಫಿಟ್ಟರ್ ಆಗಿ ಬಂದವನು. ಗಣಿ ಕಾರ್ಮಿಕರು ಬಿಟ್ಟುಹೋದ ಲೈನಿನ ಎರಡು ಕೋಣೆಯ ಮನೆಯಲ್ಲಿ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಅಕ್ಕ ಮತ್ತು ನಾನು ಇದ್ದೆವು. ಅಜ್ಜಿ ಪ್ರತಿ ತಿಂಗಳೂ ತಪ್ಪದೆ ಸಂಕಷ್ಟಿ ಮಾಡುತ್ತಿದ್ದಳು. ಹುಣ್ಣಿಮೆ ಕಳೆದ ನಾಲ್ಕನೆಯ ದಿನ ಬೆಳಗಿನಿಂದ ಉಪವಾಸ. ಚಂದ್ರನನ್ನು ಕಂಡು, ಅವನಿಗೆ ನೀರು ಬಿಟ್ಟು, ಆಮೇಲೆ ಊಟ. ಲೈನಿನಲ್ಲಿ ಅವಳಂತೆ ಉಪವಾಸವಿರುವವರು ಇನ್ನೂ ಐದಾರು ಮಂದಿಯಿದ್ದರು. ಪಕ್ಕದ ಮನೆಯ ತಮಿಳು ಮುದುಕಿ ಅವರಲ್ಲಿ ಒಬ್ಬಳು. ಗಣಿಯ ಧೂಳು ಕುಡಿದು ಎದೆ ಕಟ್ಟಿ ಸತ್ತವನ ಹೆಂಡತಿ. ನಾವು ಅವಳನ್ನು ಅವಳ ಭಾಷೆಯಲ್ಲೇ ಪಾಟಿ, ಅಂದರೆ ಅಜ್ಜಿ, ಎನ್ನುತ್ತಿದ್ದೆವು.

ಬೇರೆ ಊರಿನ ಹೆಂಗಸರು ಉಣ್ಣುವ ಹೊತ್ತಿಗೆ ನಮ್ಮವರು ಗುಡ್ಡದ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಅದಕ್ಕೆಂದೇ ಲೈನಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಇಬ್ಬರು ಮಕ್ಕಳು ಬ್ಯಾಟರಿ ಹಿಡಿದು ಗುಡ್ಡ ಹತ್ತಬೇಕು. ಬಯಲಿನ ಅಂಚಿನಲ್ಲಿ ಚಂದ್ರ ಕಂಡ ಕೂಡಲೇ ಬ್ಯಾಟರಿಯನ್ನು ಮೂರು ಸಲ ಅತ್ತಿತ್ತ ಆಡಿಸಬೇಕು. ಕೆಳಗೆ ತಂಬಿಗೆ ಹಿಡಿದು ನಿಂತವರು ಆ ಬೆಳಕನ್ನೇ ಚಂದ್ರನೆಂದು ತಿಳಿದು ನೀರು ಬಿಡುತ್ತಿದ್ದರು. ಕ್ಯಾಲೆಂಡರ್ ನೋಡಿ ಉಂಡರೆ ಆಗದೇ ಎಂದು ಅಮ್ಮ ಒಮ್ಮೆ ಕೇಳಿದ್ದಕ್ಕೆ ಅಜ್ಜಿ, ಕಾಗದ ನೋಡಿ ಉಣ್ಣುವುದಾದರೆ ಚಂದ್ರ ಯಾಕೆ ಬೇಕು ಎಂದಿದ್ದಳಂತೆ. ಯಾರಾದರೂ ಕಣ್ಣಾರೆ ಕಂಡಿರಬೇಕು. ಕಂಡವರು ಮಕ್ಕಳೇ ಆಗಿರಬೇಕು.

"ದೊಡ್ಡೋರು ಅಸಿವಿಗೆ ಸುಳ್ಳೇಳ್ತಾರೆ, ಮಕ್ಳು ಏಳಲ್ಲ," ಎನ್ನುವುದು ಅವಳ ನಂಬಿಕೆ.

ನಾನು ಎಂಟು ತುಂಬಿದ ವರ್ಷ ಆ ಕೆಲಸ ಅಕ್ಕನಿಗೂ ನನಗೂ ಬಂತು. ನಮ್ಮ ದೇಶದ ನೌಕೆ ಮೊದಲ ಬಾರಿಗೆ ಚಂದ್ರನತ್ತ ಹೋದದ್ದೂ ಅದೇ ವರ್ಷ. ಅಕ್ಕ ಪತ್ರಿಕೆಯಲ್ಲಿ ಬಂದ ಚಂದ್ರನ ನಕ್ಷೆಯನ್ನು ಕತ್ತರಿಸಿ, ರಟ್ಟಿಗೆ ಅಂಟಿಸಿ, ಲಂಗದ ಜೇಬಿನಲ್ಲಿ ಇಟ್ಟುಕೊಂಡು ಗುಡ್ಡ ಹತ್ತುತ್ತಿದ್ದಳು. ನಮ್ಮಲ್ಲಿ ದೂರದರ್ಶಕವಿರಲಿಲ್ಲ; ಬೇಕೆಂದೂ ಅನ್ನಿಸಲಿಲ್ಲ. ಗುಡ್ಡದ ನೆತ್ತಿಯಲ್ಲಿ ಬೂದು ಹಿಟ್ಟಿನ ಮೇಲೆ ಬೋರಲು ಮಲಗಿ, ಗಲ್ಲಕ್ಕೆ ಕೈ ಕೊಟ್ಟು, ಬಯಲಿನಾಚೆಯ ಕತ್ತಲೆ ತಾಮ್ರದ ಬಣ್ಣಕ್ಕೆ ತಿರುಗುವುದನ್ನು ಕಾಯುತ್ತಿದ್ದೆವು. ಚೌತಿಯ ಚಂದ್ರ ಹುಟ್ಟುವಾಗ ಅವನ ತಳ ದುಂಡಗಿರುತ್ತದೆ, ನೆತ್ತಿ ಸವೆದಿರುತ್ತದೆ. ಯಾಕೆ ಹೀಗೆ ಎಂದು ನಾನು ಕೇಳಿದಾಗ ಅಕ್ಕ ಮಣ್ಣಿಗೆ ಬೆರಳು ಚುಚ್ಚಿ ತೋರಿಸಿದಳು.

"ಸೂರ್ಯ ಈಗ ನಮ್ ಕಾಲ್ ಕೆಳಗವ್ನೆ ಕಣೇ. ಕೆಳಗಿಂದ ಬೆಳಕು ಬಿಟ್ರೆ ತಳಾನೇ ಒಳೆಯೋದು."

ಹಗಲೂ ರಾತ್ರಿ ಜನ ನೆಲದೊಳಗೆ ಇಳಿದು ಹತ್ತಿದ ಊರಿನಲ್ಲಿ ಹುಟ್ಟಿದ ನನಗೆ, ಸೂರ್ಯನೂ ಶಿಫ್ಟಿಗೆ ಇಳಿದಿದ್ದಾನೆ ಎಂಬುದು ತೀರ ಸಹಜವಾಗಿ ಕಂಡಿತು. ಇಂದಿಗೂ ಯಾವ ಪಠ್ಯಪುಸ್ತಕವೂ ನನಗೆ ಆ ವಿಷಯವನ್ನು ಅಷ್ಟು ಚೊಕ್ಕವಾಗಿ ತಿಳಿಸಿಲ್ಲ. ಮತ್ತೊಂದು ಸಂಜೆ ಅಕ್ಕ, ಚಂದ್ರನ ಮೇಲೆ ಗಾಳಿಯಿಲ್ಲವಾದ್ದರಿಂದ ಅಲ್ಲಿ ನಡೆದವರ ಹೆಜ್ಜೆ ಇನ್ನೂ ಹಾಗೇ ಇದೆ ಎಂದಳು. ನಾವು ಹಿಂದಿನ ತಿಂಗಳು ಮೂಡಿಸಿದ ಹೆಜ್ಜೆಗಳನ್ನು ಹುಡುಕಿದೆವು. ಒಂದೂ ಇರಲಿಲ್ಲ. ಅಲ್ಲಿಯ ಧೂಳು ಯಾರ ಮನೆಗೂ ಹೋಗುವುದಿಲ್ಲ, ಅಷ್ಟೇ ವ್ಯತ್ಯಾಸ ಎಂದು ಅವಳು ನಕ್ಕಳು. ಹನ್ನೆರಡು ವರ್ಷದ ಹುಡುಗಿಗೆ ಅದೊಂದು ಹಾಸ್ಯವಾಗಿತ್ತು.

ಅಕ್ಕನ ಬಳಿ ಒಂದು ನೋಟ್‌ಪುಸ್ತಕವಿತ್ತು. ಗುಡ್ಡದ ಮೇಲೆ ಚಂದ್ರ ಕಂಡ ಹೊತ್ತನ್ನು ಅಪ್ಪನ ಹಳೆಯ ಕೈಗಡಿಯಾರ ನೋಡಿ ಬರೆಯುತ್ತಿದ್ದಳು. ಕೆಳಗಿಳಿದು, ಊಟ ಮುಗಿಸಿ, ಅಂಗಳದಲ್ಲಿ ಕಾದು ಕೂತು, ಗುಡ್ಡದ ನೆತ್ತಿಯ ಮೇಲೆ ಅದೇ ಚಂದ್ರ ಎರಡನೆಯ ಸಲ ಹುಟ್ಟಿದ ಹೊತ್ತನ್ನೂ ಬರೆಯುತ್ತಿದ್ದಳು. ನಡುವಿನ ಅಂತರವನ್ನು ಕೆಂಪು ಶಾಯಿಯಲ್ಲಿ ಗುರುತಿಸುತ್ತಿದ್ದಳು. ಮೊದಲ ಪುಟದಲ್ಲಿ ನಲವತ್ತೇಳು ನಿಮಿಷ ಎಂದಿದೆ. ಅದನ್ನು ಯಾಕೆ ಬರೆಯುತ್ತೀ ಎಂದರೆ ಅವಳಿಗೂ ಗೊತ್ತಿರಲಿಲ್ಲ. ಒಂದೇ ರಾತ್ರಿ ಒಂದೇ ಚಂದ್ರನನ್ನು ಎರಡು ಸಲ ಹುಟ್ಟಿಸುವ ಊರು ಪ್ರಪಂಚದಲ್ಲಿ ಎಷ್ಟಿವೆ ಎಂಬ ಹೆಮ್ಮೆಯಷ್ಟೇ ಇತ್ತು.

ಆ ಹೆಮ್ಮೆಗೆ ನಾವು ಕೊಟ್ಟದ್ದೇನೆಂದು ತಿಳಿಯಲು ಬಹಳ ಕಾಲ ಹಿಡಿಯಿತು. ಆಷಾಢದ ಗಾಳಿ ಎದ್ದು, ಗುಡ್ಡಕ್ಕೆ ಬಡಿದು ಸುಳಿ ತಿರುಗಿದರೆ ಗುಡ್ಡ ನಮ್ಮ ಮನೆಯೊಳಕ್ಕೇ ಬರುತ್ತಿತ್ತು. ಹಾಸಿಗೆ, ನೀರಿನ ಕೊಡ, ಅನ್ನದ ತಪ್ಪಲೆ, ರೆಪ್ಪೆಯ ಕೂದಲು, ಎಲ್ಲದರ ಮೇಲೂ ಬೂದು ಹಿಟ್ಟು. ಅಮ್ಮ ಕಿಟಕಿಗೆ ಒದ್ದೆ ಸೀರೆ ಕಟ್ಟುತ್ತಿದ್ದಳು. ಅಕ್ಕನ ಕೆಮ್ಮು ಮೊದಲು ಆಷಾಢದ್ದಾಗಿತ್ತು. ಮರುವರ್ಷ ದೀಪಾವಳಿಯವರೆಗೂ ಉಳಿಯಿತು.

ನಾನು ಹೇಳಬೇಕಾದ ಸಂಕಷ್ಟಿ ಅಂಥದೊಂದು ಆಷಾಢದಲ್ಲಿ ಬಂತು. ನನಗೆ ಹತ್ತು, ಅಕ್ಕನಿಗೆ ಹದಿನಾಲ್ಕು. ಆಕಾಶ ಶುಭ್ರವಾಗಿತ್ತು, ಗಾಳಿ ಮಾತ್ರ ಬಿಡದೆ ಬೀಸುತ್ತಿತ್ತು. ಎಂದಿನಂತೆ ಅರ್ಧ ಗಂಟೆ ಮೊದಲೇ ಹತ್ತಿದ್ದೆವು. ಕೆಳಗಿನಿಂದ, ಚಂದ್ರ ಬಂದನೇ ಎಂಬ ಪಾಟಿಯ ಕೂಗು ಕೇಳುತ್ತಿತ್ತು. "ಏನ್ ಡೀ, ನಿಲಾ ವಂದಾಚ್ಚಾ? ನಿಮ್ ಚಂದ್ರ ಮಾರಿಕುಪ್ಪಂ ಪ್ಯಾಸೆಂಜರ್‌ನಾಗೆ ಬತ್ತಾವ್ನಾ?" ಎಂದು, ಸದಾ ತಡವಾಗಿ ಬರುವ ರೈಲಿನ ಹೆಸರೆತ್ತಿ ಅವಳು ಕೇಳಿದ್ದಕ್ಕೆ ಲೈನಿನ ಹೆಂಗಸರೆಲ್ಲ ನಕ್ಕರು. ನಾವೂ ನಕ್ಕೆವು. ನಗುವಾಗಲೇ ಅಕ್ಕನಿಗೆ ಕೆಮ್ಮು ಹಿಡಿಯಿತು. ಬಿಡಲಿಲ್ಲ. ಅವಳು ಮಂಡಿಯೂರಿ, ಎರಡೂ ಕೈಯನ್ನು ಆ ಹಿಟ್ಟಿನಲ್ಲಿ ಹೂತು, ಉಸಿರಿಗಾಗಿ ಬಾಯಿ ತೆರೆದಳು. ತೆರೆದ ಬಾಯಿಗೆ ಗಾಳಿ ಧೂಳನ್ನೇ ತುಂಬಿತು. ಇಳಿಯೋಣ ಎಂದು ನಾನು ಎಳೆದೆ. ಅವಳು ತಲೆಯಾಡಿಸಿದಳು. ಚಂದ್ರನನ್ನು ನೋಡದೆ ಇಳಿದರೆ ಕಾರಣ ಹೇಳಬೇಕು. ಹೇಳಿದರೆ ಇನ್ನು ಮುಂದೆ ನಮ್ಮನ್ನು ಹತ್ತಿಸುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ನಾನು ಬ್ಯಾಟರಿ ಹಚ್ಚಿ ಮೂರು ಸಲ ಆಡಿಸಿದೆ. ಪೂರ್ವದಲ್ಲಿ ಇನ್ನೂ ತಾಮ್ರದ ಬಣ್ಣ ಕೂಡ ಮೂಡಿರಲಿಲ್ಲ.

ಕೆಳಗೆ ಅಜ್ಜಿ ಎಂದಿಗಿಂತ ತುಸು ಹೆಚ್ಚು ಹೊತ್ತು ಬೆಳಕನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ತಂಬಿಗೆ ಬಗ್ಗಿಸಿದಳು. ಅವಳನ್ನು ನೋಡಿ ಉಳಿದವರೂ ನೀರು ಬಿಟ್ಟರು. ನಾವು ಇಳಿದು ಬಂದಾಗ ಅವಳು ಅಕ್ಕನ ಬೆನ್ನು ನೀವಿ, ಬಿಸಿನೀರು ಕುಡಿಸಿ, ತಾನೂ ತಟ್ಟೆಯ ಮುಂದೆ ಕೂತಳು. ನನಗೆ ತುತ್ತು ಇಳಿಯಲಿಲ್ಲ. ಗುಡ್ಡದ ಮೇಲೆ ಚಂದ್ರ ಬರಲು ಅಂದು ಒಂದು ಗಂಟೆಗೂ ಮೇಲಾಯಿತು. ಅಷ್ಟು ಹೊತ್ತೂ ಅಜ್ಜಿ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. ಬೆಳಗಿದ್ದನ್ನೇ ಮತ್ತೆ ಬೆಳಗುತ್ತಿದ್ದಳು. ಚಂದ್ರ ಬಂದಾಗ ತಲೆಯೆತ್ತಿ ನೋಡಿ, ಪಾತ್ರೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅವಳಿಗೆ ಗೊತ್ತಾಗಲಿಲ್ಲ ಎಂದು ನಾನು ನೆಮ್ಮದಿಯಿಂದ ಮಲಗಿದೆ. ಮಾರನೆಯ ತಿಂಗಳಿನಿಂದ ಅಕ್ಕನನ್ನು ಗುಡ್ಡಕ್ಕೆ ಕಳಿಸಲಿಲ್ಲ. ನಾನೊಬ್ಬಳೇ ಹತ್ತಿ, ಹೊತ್ತು ನೋಡಿ ಬಂದು ಹೇಳುತ್ತಿದ್ದೆ, ಅವಳು ಬರೆಯುತ್ತಿದ್ದಳು.

ಅಕ್ಕ ಬಿ.ಎಸ್ಸಿ. ಸೇರಿದಳು. ಕಾಲೇಜಿನ ಎರಡನೆಯ ಮಹಡಿಯ ಭೌತಶಾಸ್ತ್ರದ ಪ್ರಯೋಗಾಲಯಕ್ಕೆ ಹೋಗಲು ಅವಳು ಮೆಟ್ಟಿಲಲ್ಲಿ ಮೂರು ಕಡೆ ನಿಲ್ಲುತ್ತಿದ್ದಳು. ವೈದ್ಯರೊಬ್ಬರು ಆಸ್ತಮಾ ಎಂದರು. ಇನ್ನೊಬ್ಬರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಈ ಹುಡುಗಿ ಎಲ್ಲಿ ಕೆಲಸ ಮಾಡುತ್ತಿದ್ದಳು ಎಂದು ಕೇಳಿದರು. ಎಲ್ಲೂ ಇಲ್ಲ, ಓದುತ್ತಿದ್ದಾಳೆ ಎಂದ ಅಪ್ಪ. ಗಣಿಯಲ್ಲಿ ದುಡಿದವರ ಎದೆಯ ಧೂಳಿಗೆ ಕಾಗದದ ಮೇಲೆ ಒಂದು ಕಾಯಿಲೆಯ ಹೆಸರಾದರೂ ಇದೆ. ಗಣಿಯ ಹೊರಗೆ, ಮನೆಯಲ್ಲಿ ಮಲಗಿದ್ದವರ ಎದೆಗೆ ಅದು ಹೇಗೆ ಬಂತೆಂದು ಬರೆಯುವ ಕಾಲಂ ಆ ಹಾಳೆಯಲ್ಲಿರಲಿಲ್ಲ. ಕಾರಣ ಇದೇ ಎಂದು ಯಾವ ವೈದ್ಯರೂ ಖಚಿತವಾಗಿ ಹೇಳಲಿಲ್ಲ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಹೇಳಬೇಕಾದರೆ ಗಾಳಿಯನ್ನು ಅಳೆಯಬೇಕಿತ್ತು. ಅಳೆದವರಿಲ್ಲ. ಅಳೆಯದಿರುವುದೂ ಒಂದು ತೀರ್ಮಾನವೇ. ಯಾರೋ ಒಬ್ಬರು ಕುರ್ಚಿಯಲ್ಲಿ ಕೂತು, ಪ್ರತಿ ವರ್ಷ ಹೊಸದಾಗಿ ತೆಗೆದುಕೊಂಡ ತೀರ್ಮಾನ.

ಅಕ್ಕ ಇಪ್ಪತ್ಮೂರರಲ್ಲಿ ತೀರಿಕೊಂಡಳು. ಅಂದಿನಿಂದ ಅಜ್ಜಿ ಲೈನಿನ ಯಾವ ಮಗುವನ್ನೂ ಗುಡ್ಡ ಹತ್ತಲು ಬಿಡಲಿಲ್ಲ. ಸಂಕಷ್ಟಿಯಂದು ಗುಡ್ಡವನ್ನು ದಾಟಿ ಚಂದ್ರ ತಾನಾಗಿ ಅಂಗಳಕ್ಕೆ ಬರುವವರೆಗೂ ಗುಟುಕು ನೀರಿಲ್ಲದೆ ನಿಂತೇ ಇರುತ್ತಿದ್ದಳು. ಕಾಲು ಬಾತುಕೊಂಡರೂ ಕೂರುತ್ತಿರಲಿಲ್ಲ. ದುಃಖಕ್ಕೆ ಹೀಗೆ ಮಾಡುತ್ತಾಳೆ ಎಂದು ನಾವು ತಿಳಿದೆವು.

ನಾನು ವಿಶ್ವವಿದ್ಯಾಲಯಕ್ಕೆ ಹೋದೆ, ಎಂ.ಎ. ಮುಗಿಸಿದೆ, ಮಾಹಿತಿ ಹಕ್ಕಿನ ಅರ್ಜಿ ಬರೆಯುವುದನ್ನು ಕಲಿತೆ. ಗುಡ್ಡ ಯಾರ ಸ್ವತ್ತು, ಅದರ ಧೂಳನ್ನು ಯಾವಾಗ ಅಳೆದಿದ್ದೀರಿ, ಹರಡದಂತೆ ಏನು ಮಾಡಿದ್ದೀರಿ ಎಂದು ಕೇಳಿದೆ. ಒಂದು ಕಚೇರಿ ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಎಂದು ಇನ್ನೊಂದಕ್ಕೆ ಕಳಿಸಿತು. ಆ ಇನ್ನೊಂದು, ಕೋರಿದ ದಾಖಲೆ ಲಭ್ಯವಿಲ್ಲ ಎಂದು ಬರೆಯಿತು. ಮೂರನೆಯದು ನನ್ನ ಅರ್ಜಿಯನ್ನು ಮೊದಲನೆಯ ಕಚೇರಿಗೇ ವರ್ಗಾಯಿಸಿ, ಹಾಗೆ ವರ್ಗಾಯಿಸಿದ್ದನ್ನು ತಿಳಿಸಲು ನನಗೊಂದು ಪ್ರತಿ ಕಳಿಸಿತು. ಚಿನ್ನ ಬರುತ್ತಿದ್ದಷ್ಟು ಕಾಲ ಈ ನೆಲದ ಒಂದೊಂದು ಅಡಿಗೂ ಒಡೆಯರಿದ್ದರು. ಧೂಳಿಗೆ ಮಾತ್ರ ಯಾರೂ ಇಲ್ಲ.

ನಮ್ಮ ದೇಶದ ನೌಕೆ ಚಂದ್ರನ ಮೇಲೆ ಇಳಿದ ಸಂಜೆ ನಾನು ಊರಿನಲ್ಲಿದ್ದೆ. ಆಂಡರ್ಸನ್‌ಪೇಟೆಯ ಅಂಗಡಿಯೊಂದರ ಟಿವಿಯ ಮುಂದೆ ಆಟೋದವರು, ಶಾಲೆಯ ಮಕ್ಕಳು, ತರಕಾರಿಯವರು ನೆರೆದಿದ್ದರು. ಇಳಿಯಿತು ಎಂದಾಗ ಪರಿಚಯವಿಲ್ಲದ ಹೆಂಗಸೊಬ್ಬಳು ನನ್ನ ಕೈಗೆ ಮೈಸೂರು ಪಾಕಿನ ಚೂರು ಇಟ್ಟಳು. ನಾನು ಚಪ್ಪಾಳೆ ತಟ್ಟಿದೆ, ಅಳುವೂ ಬಂತು. ಆ ಸಾಧನೆಯ ಮೇಲೆ ನನಗೆ ಅಸೂಯೆಯಿಲ್ಲ. ಅದನ್ನು ನನ್ನಷ್ಟು ಆಸೆಯಿಂದ ಕಾದವರು ಆ ಬೀದಿಯಲ್ಲಿ ಬೇರೆ ಯಾರೂ ಇದ್ದಿರಲಾರರು. ಆದರೆ ಅಷ್ಟು ದೂರದ ಮಣ್ಣಿನಲ್ಲಿ ಏನೇನಿದೆ ಎಂದು ಅಳೆಯಬಲ್ಲ ದೇಶ ನಮ್ಮ ಅಂಗಳದ ಮಣ್ಣನ್ನು ಯಾಕೆ ಅಳೆಯಲಿಲ್ಲ? ಅಳೆಯಲು ಬರುವುದಿಲ್ಲ ಎಂದಿದ್ದರೆ ನಂಬುತ್ತಿದ್ದೆ. ಬರುತ್ತದೆ ಎಂದು ಈಗ ಎಲ್ಲರಿಗೂ ಗೊತ್ತಾಯಿತು.

ಮನೆಗೆ ಬಂದಾಗ ಅಜ್ಜಿ ಹೊಸ್ತಿಲಲ್ಲಿ ಕೂತಿದ್ದಳು. ಪಾಟಿಯ ಮನೆಯ ಟಿವಿಯಲ್ಲಿ ಅವಳೂ ನೋಡಿದ್ದಳು. ಅಲ್ಲಿ ಏನಿದೆಯಂತೆ ಎಂದು ಕೇಳಿದಳು. ಧೂಳು, ನಮ್ಮ ಗುಡ್ಡದಂಥದೇ, ಆದರೆ ಅಲ್ಲಿ ಗಾಳಿಯಿಲ್ಲ ಎಂದೆ. ನಿಮ್ಮಕ್ಕನೂ ಇದನ್ನೇ ಹೇಳುತ್ತಿದ್ದಳು ಎಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು:

"ಅವತ್ತು ನೀನು ಬ್ಯಾಟರಿ ಆಡಿಸ್ದಾಗ ಚಂದ್ರ ಉಟ್ಟಿರ್ಲಿಲ್ಲ. ನಂಗೊತ್ತಿತ್ತು."

ಯಾವತ್ತು ಎಂದು ನಾನು ಕೇಳಲಿಲ್ಲ. ಗೊತ್ತಿದ್ದೂ ಯಾಕೆ ಉಂಡೆ ಎಂದಷ್ಟೇ ಕೇಳಿದೆ.

"ಅವಳ ಕೆಮ್ಮು ಅಂಗಳಕ್ಕೂ ಕೇಳ್ತಿತ್ತು ಕಣಮ್ಮಾ. ನಾನು ನೀರು ಬಿಡ್ದೆ ನಿಂತ್ಕಂಡಿದ್ರೆ ನೀವು ಇಳೀತಿದ್ರಾ? ಮಕ್ಳು ಇಳೀಲಿ ಅಂತ ಉಂಡೆ. ದೇವ್ರಿಗೆ ಸುಳ್ಳೇಳಿ ಉಂಡೆ, ನಾಕು ಮನೇರ್ನೂ ಉಣ್ಣಿಸ್ದೆ. ಅವ್ನು ನನ್ನ ಬಿಟ್ಟು ಅವಳ್ನ ಇಡ್ಕಂಡ."

ಹದಿಮೂರು ವರ್ಷ ಅವಳು ಇದನ್ನು ಹೊತ್ತುಕೊಂಡಿದ್ದಳು. ನಾನು ಒಳಗೆ ಹೋಗಿ ಕಚೇರಿಗಳ ಉತ್ತರಗಳ ಕಡತವನ್ನೂ ಅಕ್ಕನ ನೋಟ್‌ಪುಸ್ತಕವನ್ನೂ ತಂದು ಅವಳ ಮುಂದೆ ಹರಡಿದೆ. ಸುಳ್ಳು ಹೇಳಿದವಳು ನಾನು, ನೀನಲ್ಲ ಎಂದೆ. ಒಂದು ರಾತ್ರಿಯ ಊಟಕ್ಕೂ ಅಕ್ಕನ ಎದೆಗೂ ಸಂಬಂಧವಿಲ್ಲ, ಸಂಬಂಧ ಇರುವುದು ಆ ಗುಡ್ಡಕ್ಕೆ, ಅದನ್ನು ತೆರೆದಿಟ್ಟು ಹೋದವರಿಗೆ, ನೋಡಿಯೂ ಮುಚ್ಚಿಸದವರಿಗೆ ಎಂದು ವಾದಿಸಿದೆ. ತರಗತಿಯಲ್ಲಿ, ವೇದಿಕೆಯಲ್ಲಿ ನಾನು ಗೆದ್ದ ಯಾವ ವಾದವೂ ಅಷ್ಟು ಚೆನ್ನಾಗಿರಲಿಲ್ಲ. ಅವಳು ತಾಳ್ಮೆಯಿಂದ ಕೇಳಿ, ಮೊಹರು ಬಿದ್ದ ಕಾಗದವೊಂದನ್ನು ಬೆರಳಿನಿಂದ ಮುಟ್ಟಿದಳು.

"ಗುಡ್ಡ ನಮ್ದು ಅಂತ ಇದ್ರಾಗೆ ಯಾರಾದ್ರೂ ಬರ್ದವ್ರಾ?"

"ಇಲ್ಲ ಅಜ್ಜಿ."

"ಯಾರೂ ಒಪ್ಕಂಡಿಲ್ಲ ಅಂದ್ರೆ ಒಬ್ರಾದ್ರೂ ಒಪ್ಕಬೇಕಲ್ಲ ಕಣಮ್ಮಾ. ಮಗು ಓಗೈತೆ."

ನಾನು ಕಾಗದಗಳನ್ನು ಮತ್ತೆ ಕಡತಕ್ಕೆ ಸೇರಿಸಿದೆ. ಹೊಣೆಯನ್ನು ಯಾರೂ ಎತ್ತಿಕೊಳ್ಳದಿದ್ದರೆ ಅದು ಎಲ್ಲೋ ಬಿದ್ದಿರುತ್ತದೆ ಎಂದು ನಾನು ಎಣಿಸಿದ್ದೆ. ಅದು ಬಿದ್ದಿರಲಿಲ್ಲ. ಕೋರಮಂಡಲ್‌ನ ಒಂದು ಮನೆಯ ಹೊಸ್ತಿಲಲ್ಲಿ, ಬಾತ ಕಾಲಿನ ಮುದುಕಿಯೊಬ್ಬಳ ಮಡಿಲಲ್ಲಿ ಇತ್ತು. ಕಡತಗಳನ್ನು ಮೇಜಿನಿಂದ ಮೇಜಿಗೆ ದಾಟಿಸಿದವರಿಗೆ ನಾನು ಹೇಳಬೇಕಾದದ್ದು ಇಷ್ಟು: ನೀವು ಬರೆಯದೆ ಬಿಟ್ಟ ಸಾಲನ್ನು ಅವಳು ತನ್ನ ಮೈಮೇಲೆ ಬರೆದುಕೊಂಡಿದ್ದಾಳೆ.

ಆ ರಾತ್ರಿ ನೋಟ್‌ಪುಸ್ತಕವನ್ನು ಎಷ್ಟೋ ವರ್ಷಗಳ ನಂತರ ಮೊದಲಿನಿಂದ ಓದಿದೆ. ಕೆಂಪು ಶಾಯಿಯ ಅಂಕಿಗಳು. ನಲವತ್ತೇಳು. ಮರುವರ್ಷ ಅದೇ ಮಾಸದಲ್ಲಿ ನಲವತ್ತಾರು. ಮುಂದೆ ನಲವತ್ತೈದು, ಮತ್ತೆ ನಲವತ್ತಾರು, ಕೊನೆಯ ಪುಟಗಳಲ್ಲಿ ನಲವತ್ತಮೂರು. ಅಂಗಳದ ಚಂದ್ರ ವರ್ಷದಿಂದ ವರ್ಷಕ್ಕೆ ಬೇಗ ಹುಟ್ಟತೊಡಗಿದ್ದ. ಚಂದ್ರ ಎಲ್ಲ ತಿಂಗಳೂ ಒಂದೇ ಜಾಗದಲ್ಲಿ ಮೂಡುವುದಿಲ್ಲ, ಅಪ್ಪನ ಗಡಿಯಾರವೂ ನಂಬುವಂಥದ್ದಲ್ಲ; ಈ ಲೆಕ್ಕ ಒರಟು ಎಂದು ಒಪ್ಪುತ್ತೇನೆ. ಆದರೂ ಅದು ಹೇಳುತ್ತಿರುವುದು ಒಂದೇ: ಗುಡ್ಡ ತಗ್ಗುತ್ತಿದೆ. ಮಳೆ ತೊಳೆದದ್ದೆಷ್ಟೋ, ಗಾಳಿ ಒಯ್ದದ್ದೆಷ್ಟೋ. ಆ ನಾಲ್ಕು ನಿಮಿಷದಷ್ಟು ಗುಡ್ಡ ಎಲ್ಲಿಗೆ ಹೋಯಿತು? ಅದರಲ್ಲೊಂದು ಚಿಟಿಕೆ ಎಲ್ಲಿಗೆ ಹೋಯಿತೆಂದು ನಾನು ಎಕ್ಸ್‌ರೇ ಹಾಳೆಯಲ್ಲಿ ನೋಡಿದ್ದೇನೆ.

ಬೆಳಿಗ್ಗೆ ಅಜ್ಜಿಗೆ ಓದಿ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. ಊಟದ ಮೇಲೆ ಚಂದ್ರ ಅಂಗಳಕ್ಕೆ ಬರುವಷ್ಟರಲ್ಲಿ ಮೊದಲೆಲ್ಲ ಅಷ್ಟೂ ಪಾತ್ರೆ ಬೆಳಗಿ ಮುಗಿಯುತ್ತಿತ್ತು, ಕೊನೆಕೊನೆಗೆ ತಪ್ಪಲೆ ಉಳಿದುಬಿಡುತ್ತಿತ್ತು, ನನಗೆ ವಯಸ್ಸಾಗಿ ಕೈ ನಿಧಾನವಾಯಿತು ಎಂದುಕೊಂಡಿದ್ದೆ ಎಂದಳು. ಅದನ್ನೂ ಅವಳು ತನ್ನ ತಪ್ಪೆಂದೇ ತಿಳಿದಿದ್ದಳು.

ಮೇಲ್ಮನವಿ ಬರೆಯಲು ಕೂತಾಗ ಯಾರ ವಿರುದ್ಧ ಎಂಬ ಜಾಗ ಖಾಲಿಯಿತ್ತು. ಏನು ಬರೆಯಬೇಕು ಅಲ್ಲಿ ಎಂದು ಅಜ್ಜಿ ಕೇಳಿದಳು, ಹೇಳಿದೆ. ನನ್ನ ಹೆಸರೇ ಹಾಕು, ಹೆಬ್ಬೆಟ್ಟು ಬೇಕಾದರೆ ಒತ್ತುತ್ತೇನೆ ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ನಾನು ಆ ಮೂರೂ ಕಚೇರಿಗಳ ಹೆಸರನ್ನು, ಒಂದರ ಕೆಳಗೊಂದು, ಜಾಗ ಸಾಲದೆ ಅಂಚಿನವರೆಗೂ ಬರೆದೆ. ಜೊತೆಗೆ ಅಕ್ಕನ ನೋಟ್‌ಪುಸ್ತಕದ ನಕಲು ಲಗತ್ತಿಸಿದೆ. ಉತ್ತರ ಬಂದಿಲ್ಲ.

ಮುಂದಿನ ಸಂಕಷ್ಟಿಗೆ ಅಂಗಳದಲ್ಲಿ ಅಜ್ಜಿಯ ಪಕ್ಕ ನಾನೂ ನಿಂತೆ. ಕ್ಯಾಲೆಂಡರಿನ ಹೊತ್ತು ಕಳೆಯಿತು. ಗಾಳಿ ಸಣ್ಣಗೆ ಬೀಸುತ್ತಿತ್ತು. ಇಬ್ಬರೂ ಸೆರಗು, ದುಪಟ್ಟಾಗಳಿಂದ ಮೂಗು ಮುಚ್ಚಿಕೊಂಡಿದ್ದೆವು. ಪಾಟಿ ತನ್ನ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದಳು. ಈಗ ಅವಳು ಹಾಸ್ಯ ಮಾಡುವುದಿಲ್ಲ. ಕೊನೆಗೆ ಗುಡ್ಡದ ನೆತ್ತಿ ಬೆಳಗಿತು, ಮೇಲಂಚು ಸವೆದ ಚಂದ್ರ ಬಂದ. ಅಜ್ಜಿ ತಂಬಿಗೆ ಬಗ್ಗಿಸಿ ನೀರು ಬಿಟ್ಟಳು. ಎಷ್ಟಾಯಿತು ಎಂದು ಕೇಳಿದಳು. ಕ್ಯಾಲೆಂಡರಿನ ಹೊತ್ತಿನಿಂದ ನಲವತ್ತೊಂದು ನಿಮಿಷ ಎಂದೆ.

"ಬರ್ಕೋ," ಎಂದಳು.

ತನ್ನ ತಪ್ಪನ್ನು ಅವಳು ಹಿಂದಕ್ಕೆ ತೆಗೆದುಕೊಂಡಿಲ್ಲ. ಆ ಮಾತು ಎತ್ತಿದರೆ ಈಗಲೂ ಮುಖ ತಿರುಗಿಸುತ್ತಾಳೆ. ಆದರೆ ಅಂದು ತಟ್ಟೆಯ ಮುಂದೆ ಕೂತವಳು ಕೈ ಹಾಕದೆ ಕಾದಳು. ನಾನು ಅಕ್ಕನ ನೋಟ್‌ಪುಸ್ತಕ ತೆಗೆದು, ಅವಳ ಅಕ್ಷರದ ಕೆಳಗೆ, ಕೆಂಪು ಶಾಯಿ ಸಿಗದೆ ನೀಲಿಯಲ್ಲಿ ಬರೆದೆ. ಬರೆದಾಯಿತೇ ಎಂದು ಅಜ್ಜಿ ಕೇಳಿದಳು. ಆಯಿತು ಎಂದ ಮೇಲೆ ಅನ್ನ ಕಲೆಸಿದಳು.